ಒಳಗಿನ ಸರದಿ

ನಮ್ಮ ಹೆಡ್ ವಾರ್ಡರ್ ಅವರ ಕೆಳತುಟಿಯ ಎಡಮೂಲೆಯಲ್ಲಿ ಹುರುಳಿಕಾಳಿನಷ್ಟು ಕಪ್ಪು ಕಲೆಯಿತ್ತು. ಅದು ಬೀಡಿ ಸುಟ್ಟ ಗುರುತು. ಚಟಕ್ಕಿಂತ ಹೆಚ್ಚಾಗಿ ಅದು ನೌಕರಿಯಿಂದ ಬಂದದ್ದು. ಜೈಲಿನೊಳಗೆ ಬೆಂಕಿಪೊಟ್ಟಣ ಬಿಡುವ ಹಾಗಿರಲಿಲ್ಲ. ಸಂಜೆ ಎಣಿಕೆ ಮುಗಿದು ಬೀಗ ಬಿದ್ದ ಮೇಲೆ ಕೈದಿಗಳಿಗೆ ಒಂದೊಂದು ಬೀಡಿ ಸೇದಲು ಬಿಡುವುದು ಕಾನೂನಿನಲ್ಲಿ ಇರಲಿಲ್ಲ, ರೂಢಿಯಲ್ಲಿತ್ತು. ಇವರು ಗೇಟಿನಲ್ಲೇ ತಮ್ಮ ಬೀಡಿ ಹೊತ್ತಿಸಿಕೊಂಡು ಬಂದು ಸರಳಿನ ಹತ್ತಿರ ಮುಖ ತರುವರು. ಒಳಗಿನವನು ತನ್ನ ಬೀಡಿಯನ್ನು ಬಾಯಲ್ಲೇ ಕಚ್ಚಿಕೊಂಡು ಇವರದ್ದಕ್ಕೆ ತಾಗಿಸಿ ಎಳೆಯುವನು. ಹೀಗೆ ಹತ್ತು ಹನ್ನೆರಡು ಜನರಿಗೆ ಬೆಂಕಿ ಕೊಡುವಷ್ಟರಲ್ಲಿ ಇವರ ತುಟಿ ಸುಡುತ್ತಿತ್ತು.

ಅದು ಗುಂಡ್ಲುಪೇಟೆ ಸೀಮೆಯ ಒಂದು ಸಣ್ಣ ಜೈಲು. ಎರಡು ಕೋಣೆ, ಒಂದು ಅಂಗಳ, ಅಷ್ಟೇ. ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯಲ್ಲೇ ಇದ್ದ ಕಾಲ. ಹಗಲು ಪಾಳಿಗೆ ಅವರು, ವಾರ್ಡರ್ ಆಗಿದ್ದ ನಾನು ಜೋಡಿ. ಒಬ್ಬರಿಗೆ ಗೇಟು, ಇನ್ನೊಬ್ಬರಿಗೆ ಒಳಗಿನ ಸರದಿ. ಒಳಗಿನವರು ಕೋಣೆಗಳ ಮುಂದಿನ ಓಣಿಯಲ್ಲಿ ಕೂತು ಊಟ, ನೀರು, ಎಣಿಕೆ ಎಲ್ಲ ನೋಡಿಕೊಳ್ಳಬೇಕು. ಯಾರು ಎಲ್ಲಿದ್ದೆವೆಂದು ದಿನವೂ ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಸಹಿಯ ವಿಷಯದಲ್ಲಿ ನಾನು ತುಂಬ ಶಿಸ್ತು. ಅವರು ನಗುತ್ತಿದ್ದರು. "ರೂಲ್ಸೆಲ್ಲಾ ಕಾಗ್ದುಕ್ಕೆ ಕಣ್ಲಾ, ಬಾಗ್ಲಿಗಲ್ಲ," ಎನ್ನುತ್ತಿದ್ದರು.

ಒಂದು ಚಳಿಗಾಲದಲ್ಲಿ ಪುಣಜನೂರು ಕಡೆಯವನೊಬ್ಬನನ್ನು ಗಂಧದ ತುಂಡಿನ ಕೇಸಿನಲ್ಲಿ ತಂದು ಹಾಕಿದರು. ಜಾಮೀನು ಕೊಡುವವರು ಯಾರೂ ಇರಲಿಲ್ಲ. ಬಂದ ದಿನದಿಂದಲೇ ಕೆಮ್ಮು. ಎರಡನೇ ವಾರ ಅವನ ಟವಲಿನಲ್ಲಿ ರಕ್ತ ಕಂಡಿತು. ಹೆಡ್ ವಾರ್ಡರ್ ನನ್ನನ್ನು ಗೇಟಿನ ಹತ್ತಿರ ಕರೆದರು.

"ಕೂಸು ಉಟ್ಟಿ ಎಸ್ಟು ದಿನಾತ್ಲಾ?"

"ಇಪ್ಪತ್ತು ದಿನ ಕಣಣ್ಣ."

"ಅಂಗಾರೆ ನೀ ಒಳೀಕೆ ಬರ್ಬ್ಯಾಡ. ಇಲ್ಲೇ ಕುಂತ್ಕೊ. ಒಳ್ಗೆ ನಾ ನೋಡ್ಕತೀನಿ."

"ಡ್ಯೂಟಿ ಚಾರ್ಟಲ್ಲಿ ಒಳ್ಗೆ ನನ್ನೆಸ್ರು ಅದೆಯಲ್ಲಣ್ಣ?"

"ಎಸ್ರು ಒಳ್ಗಿರ್ಲಿ ಬುಡ್ಲಾ, ನೀ ಈಚ್ಗಿರು."

ಬೇಡ ಎನ್ನಲು ನನಗೂ ಬಾಯಿತ್ತು. ಅನ್ನಲಿಲ್ಲ. ಒಂದು ವಾರದ ಮಟ್ಟಿಗೆ ಅಂದುಕೊಂಡದ್ದು ನಾಲ್ಕು ತಿಂಗಳಾಯಿತು. ಸರದಿ ಬದಲಾಯಿಸಲು ಜೈಲರ್ ಅವರ ಅನುಮತಿ ಕೇಳಿದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಉಳಿದ ವಾರ್ಡರುಗಳೂ ಒಳಗೆ ಹೋಗಲು ಹೆದರುತ್ತಾರೆ ಎಂದು ಅವರೇ ಸುಮ್ಮನಿರಿಸಿದರು. ಶಿಸ್ತಿನ ಮನುಷ್ಯನಾದ ನಾನು ದಿನವೂ ಗೇಟಿನಲ್ಲಿ ಕೂತು, ಒಳಗಿದ್ದೆನೆಂದು ಸಹಿ ಮಾಡಿದೆ.

ರೋಗ ತಟ್ಟೆಯಿಂದ ಅಂಟುತ್ತದೆಂದು ನಾವೆಲ್ಲ ನಂಬಿದ್ದೆವು. ಅವನ ತಟ್ಟೆ, ಲೋಟಕ್ಕೆ ಅವರು ಕೆಂಪು ಬಣ್ಣದ ಗುರುತು ಹಾಕಿದರು. ತಾವೇ ಬೂದಿ ಹಾಕಿ ಉಜ್ಜಿ, ಬಿಸಿಲಿಗಿಟ್ಟು, ಕೈಯನ್ನು ಮೂರು ಸಲ ತೊಳೆಯುತ್ತಿದ್ದರು. ಗೋಪಾಲಸ್ವಾಮಿ ಬೆಟ್ಟದ ಕಡೆಯ ಗಾಳಿಗೆ ಅವನ ಕೆಮ್ಮು ಹೆಚ್ಚುತ್ತದೆಂದು ಇದ್ದೊಂದು ಕಿಟಕಿಗೆ ಗೋಣಿ ಕಟ್ಟಿದರು. ಇಷ್ಟೆಲ್ಲ ಜಾಗ್ರತೆ ಮಾಡಿ, ಸಂಜೆ ಅವನಿಗೂ ಸರಳಿನಲ್ಲಿ ಮುಖಕ್ಕೆ ಮುಖ ತಂದು ಬೀಡಿ ಹೊತ್ತಿಸುತ್ತಿದ್ದರು. ಅದರಲ್ಲಿ ತಪ್ಪೇನೆಂದು ನನಗೂ ಹೊಳೆಯಲಿಲ್ಲ.

ಕಡೆಗೂ ಡಾಕ್ಟರು ಬಂದರು. ಇವರು ಹೆಮ್ಮೆಯಿಂದ ಕೆಂಪು ಗುರುತಿನ ತಟ್ಟೆ ತೋರಿಸಿದರು. ಡಾಕ್ಟರು ತಟ್ಟೆ ನೋಡದೆ ಕಿಟಕಿ ನೋಡಿದರು. "ಇದು ಟೀಬಿ ಕಣ್ರೀ. ಉಸಿರಿನಿಂದ ಬರೋದು, ತಟ್ಟೆಯಿಂದಲ್ಲ. ಮೊದಲು ಆ ಗೋಣಿ ಕೀಳಿ," ಎಂದರು.

"ಅಂಗಾರೆ ನಾನುಜ್ಜಿದ್ ಬೂದಿಯೆಲ್ಲಾ ದಂಡವಾ ಸಾ?" ಎಂದರು ಇವರು. ಎಲ್ಲರೂ ನಕ್ಕೆವು.

ಆ ಕೈದಿ ಚಾಮರಾಜನಗರದ ಆಸ್ಪತ್ರೆಯ ಮಾತ್ರೆ ತಿಂದು ಚೇತರಿಸಿಕೊಂಡ, ಜಾಮೀನು ಸಿಕ್ಕಿ ಹೋದ. ಆರು ತಿಂಗಳಿಗೆ ಹೆಡ್ ವಾರ್ಡರ್ ಕೆಮ್ಮತೊಡಗಿದರು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡರು. ಆಮೇಲೆ ಇನ್ನೊಂದು ಹೊಡೆದರು. ಕಫದ ಪರೀಕ್ಷೆಯಲ್ಲಿ ಅದೇ ಕಾಯಿಲೆ ಎಂದು ಗೊತ್ತಾಯಿತು.

ಕೆಲಸದಿಂದಲೇ ಬಂದ ಕಾಯಿಲೆ ಎಂದು ಇಲಾಖೆ ಒಪ್ಪಿದರೆ, ಗುಣವಾಗುವ ತನಕ ರಜೆ, ಮೈಸೂರಿನಲ್ಲಿ ಚಿಕಿತ್ಸೆ. ಒಪ್ಪದಿದ್ದರೆ ಉಳಿದ ರಜೆ ಮುಗಿದ ಕೂಡಲೇ ಡ್ಯೂಟಿಗೆ ಬರಬೇಕು. ಅವರು ಅರ್ಜಿ ಹಾಕಿದರು. ವಿಚಾರಣೆಗೆ ಬಂದ ಅಧಿಕಾರಿ ರಿಜಿಸ್ಟರ್ ತೆರೆದು, ಬೆರಳಿನಿಂದ ಗೆರೆ ಎಳೆಯುತ್ತಾ ಓದಿದರು. ಆಮೇಲೆ ನನ್ನನ್ನು ಕೇಳಿದರು:

"ಆ ನಾಲ್ಕು ತಿಂಗಳು ಒಳಗೆ ಇದ್ದವನು ನೀನು. ನಿನಗೆ ಏನೂ ಆಗಿಲ್ಲ. ಗೇಟಿನಲ್ಲಿದ್ದ ಅವನಿಗೆ ಹೇಗಯ್ಯ ಬಂತು?"

ನಿಜ ಹೇಳಿದರೆ ನಾಲ್ಕು ತಿಂಗಳು ಸುಳ್ಳು ಸಹಿ ಹಾಕಿದ್ದಕ್ಕೆ ಸಸ್ಪೆಂಡ್. ಕೂಸು, ಹೆಂಡತಿ, ಕ್ವಾರ್ಟರ್ಸು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. "ರಿಜಿಸ್ಟರ್ ಸರಿಯಾಗೇ ಇದೆ ಸಾರ್," ಎಂದೆ.

ಅರ್ಜಿ ತಿರಸ್ಕೃತವಾಯಿತು. ಹೆಡ್ ವಾರ್ಡರ್ ಅರ್ಧ ಚಿಕಿತ್ಸೆಗೇ ಡ್ಯೂಟಿಗೆ ಬಂದರು, ಮತ್ತೆ ಮಲಗಿದರು. ಅವರ ಊರು ಬದನಗುಪ್ಪೆಗೆ ನೋಡಲು ಹೋದೆ. ಒಳಗೆ ಬರಗೊಡದೆ ಜಗುಲಿಯ ಆ ತುದಿಯಲ್ಲಿ ಕೂರಿಸಿ, ತಾವು ಈ ತುದಿಯಲ್ಲಿ ಬಾಯಿಗೆ ಪಂಚೆ ಹಿಡಿದು ಕೂತರು. ನಾನು ಆಡಿದ ಮಾತನ್ನು ನಾನೇ ಹೇಳಿದೆ.

"ಸರ್ಯಾಗೇ ಏಳಿದ್ದೀಯ ಬುಡ್ಲಾ. ನಿಜ ಏಳಿದ್ರೆ ನಿನ್ ಕೆಲ್ಸ ಓಗದು, ಸುಳ್ಳು ಬರ್ಸ್ದ ಅಂತ ನಂದೂ ಓಗದು. ಕೂಸೆಂಗದೆ?"

"ಚೆನ್ನಾಗದೆ."

"ಕೆಮ್ಮು ಗಿಮ್ಮು?"

"ಇಲ್ಲ ಕಣಣ್ಣ."

"ಅಸ್ಟೇಯ. ಇನ್ನೇನ್ಲಾ ಬೇಕು?"

ಹಾಗೆಂದರು ಎಂದು ನಾನು ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಹಾಗೆಂದವರು ಅವರು, ಅವರ ಹೆಂಡತಿಯಲ್ಲ. ಅವರನ್ನು ಸೂಜಿಮದ್ದಿಗೆ ಬಸ್ಸು ಹತ್ತಿಸಿ ಇಳಿಸಿ ಸೋತವರು ಆಕೆ. ಆ ಹೆಂಗಸು ಅಂದು ಒಳಗಿನಿಂದ ನನಗೆ ಕಾಫಿ ತಂದುಕೊಟ್ಟರು. ಕೂಡಲೇ ತಿರುಗಿ ಒಳಗೆ ಹೋದರು. ನನಗೆ ತುಂಬ ನಾಚಿಕೆಯಾಯಿತು.

ಎರಡು ತಿಂಗಳಲ್ಲಿ ಹೆಡ್ ವಾರ್ಡರ್ ತೀರಿಕೊಂಡರು. ನಾನು ಪೂರ್ತಿ ಸರ್ವೀಸು ಮುಗಿಸಿ, ಕಪ್ಪುಚುಕ್ಕೆಯಿಲ್ಲದ ದಾಖಲೆಯೊಂದಿಗೆ ನಿವೃತ್ತನಾದೆ. ಈಗ ನನ್ನನ್ನು ವಿಚಾರಣೆಗೆ ಕರೆಯುವವರು ಯಾರೂ ಇಲ್ಲ. ಆದರೂ ಬರೆದು ಸಹಿ ಮಾಡುತ್ತಿದ್ದೇನೆ: ಆ ನಾಲ್ಕು ತಿಂಗಳು ಒಳಗಿದ್ದವರು ಅವರು, ನಾನಲ್ಲ.