ಬೆಳ್ಳವ್ವನ ಹಗ್ಗ

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿ. ಮದುವೆಯ ಕುದುರೆಗಳಿಗೆ ಝೂಲ ಹೊಲಿದುಕೊಡುತ್ತೇನೆ, ಅಂದರೆ ಬೆನ್ನ ಮೇಲೆ ಹೊದಿಸುವ ಮಖಮಲ್ಲಿನ ಜರಿ ಬಟ್ಟೆ. ‘ವಿದ್ಯಾವತಿ ಕುದರಿಗೆ ಜಂಪರ್ ಹೊಲೀತಾಳ’ ಎಂದು ಓಣಿಯ ಹೆಂಗಸರು ನಗುತ್ತಾರೆ. ನಗಲಿ. ತಮ್ಮ ಜಂಪರು ಹೊಲಿಸಿದಾಗ ತೋಳು ಬಿಗಿ, ಕುತ್ತಿಗೆ ಸಡಿಲ ಎಂದು ಮತ್ತೆ ಮತ್ತೆ ತಿರುಗಿ ಬರುವವರು ಅವರೇ. ಕುದುರೆ ಇಲ್ಲಿಯವರೆಗೆ ಒಂದು ತಕರಾರೂ ತಂದಿಲ್ಲ.

ತಿಕೋಟಾದ ಅಮೋಘಿ ನನಗೆ ಪರಿಚಯವಾದದ್ದು ಈ ಕೆಲಸದಿಂದಲೇ. ಕುರಿ ಕಾಯುವ ಮನೆತನ. ಅವನ ಅಪ್ಪ ಹಿಂಡು ಹೊಡೆದುಕೊಂಡು ಊರೂರು ಹೋಗುವಾಗ ಕಂಬಳಿ, ಪಾತ್ರೆ, ಆಗ ತಾನೆ ಹುಟ್ಟಿದ ಕುರಿಮರಿಗಳನ್ನು ಹೊರಲು ಒಂದು ಕುದುರೆ ಇರುತ್ತಿತ್ತು. ಹಿಂಡು ಅಣ್ಣನ ಪಾಲಿಗೆ ಹೋಯಿತು, ಕುದುರೆಯ ಮರಿ ಇವನ ಪಾಲಿಗೆ ಬಂತು. ಬಿಳಿ ಹೆಣ್ಣುಮರಿ. ಬೆಳ್ಳವ್ವ ಎಂದು ಹೆಸರಿಟ್ಟ. ಅದು ಬೆಳೆದ ಮೇಲೆ ವಿಜಯಪುರದ ಮದುವೆ ಮೆರವಣಿಗೆಗಳಿಗೆ ತರತೊಡಗಿದ. ಅಮೋಘಿ ಮತ್ತು ಅವನ ಹೆಂಡತಿ ಕಸ್ತೂರಿಗೆ ಮಕ್ಕಳಿರಲಿಲ್ಲ. ಬೆಳ್ಳವ್ವ ಆ ಮನೆಯಲ್ಲಿ ಏನಾಗಿತ್ತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಸಲ ಅಳತೆಗೆ ಕುದುರೆಯನ್ನು ಅಂಗಡಿಯ ಮುಂದೆ ನಿಲ್ಲಿಸಿದಾಗ ನಾನು ಟೇಪು ಹಿಡಿದು ಧೈರ್ಯವಂತಳಂತೆ ಮುಂದೆ ಹೋದೆ. ಅದು ಕಿವಿ ಹಿಂದಕ್ಕೆ ಮಾಡಿ ಪಕ್ಕಕ್ಕೆ ಸರಿಯಿತು. ಅಮೋಘಿ ನಕ್ಕ.

“ಅಕ್ಕಾರ, ಟೇಪು ಮೊದಲ ಅದಕ್ಕ ಮೂಸಾಕ ಕೊಡ್ರಿ. ಒಂಚೂರು ಉಸಿರು ಬಿಡ್ರಿ. ನಿಮ್ಮ ಎದಿ ಹೊಡಕೊಳ್ಳೋದು ನನಗ ಕೇಳಂಗಿಲ್ಲ, ಅದಕ್ಕ ಕೇಳತೈತಿ.”

“ನಾ ಎಲ್ಲಿ ಅಂಜೀನೋ?”

“ಬಾಯಿ ಅಂಜಿಲ್ಲ ಬಿಡ್ರಿ. ಕೈ ಅಂಜೈತಿ. ನಮ್ಮಪ್ಪ ಹೇಳತಿದ್ದ, ಅಂಜಿಕಿ ಹಗ್ಗದಾಗ ಇಳೀತೈತಿ ಅಂತ. ಹಿಡದಾಂವ ಅಂಜಿದ್ರ ಕುದರಿ ಅಂಜತೈತಿ.”

ನನಗೆ ಸಿಟ್ಟು ಬಂತು, ಆದರೆ ಮಾತು ಖರೆ ಇತ್ತು. ನಿಧಾನವಾಗಿ ಉಸಿರು ಬಿಟ್ಟು ಟೇಪು ಮೂಸಲು ಕೊಟ್ಟೆ. ಬೆಳ್ಳವ್ವ ಮುಂದೆ ಬಂದು ನನ್ನ ಸೆರಗಿಗೆ ಜೊಲ್ಲು ಒರೆಸಿತು. ಅಂದಿನಿಂದ ನಾವು ಗೆಳತಿಯರು. ಇಷ್ಟು ತಿಳಿದಿದ್ದ ಮನುಷ್ಯನೇ ಮುಂದೆ ತಪ್ಪಿದ. ಊರಿಗೆಲ್ಲ ಹೇಳುವ ಬುದ್ಧಿ ತನ್ನ ಪಾಳಿ ಬಂದಾಗ ಯಾರಿಗೂ ನೆನಪಾಗುವುದಿಲ್ಲ.

ಸೊಲ್ಲಾಪುರ ರಸ್ತೆಯಲ್ಲಿ ಒಂದು ಮದುವೆ. ಮದುಮಗ ಕುದುರೆಯ ಮೇಲೆ, ಮುಂದೆ ಬ್ಯಾಂಡು, ಅದರ ಮುಂದೆ ಕುಣಿಯುವ ಹುಡುಗರು. ಯಾವನೋ ಹೊತ್ತಿಸಿದ ಪಟಾಕಿ ಸರ ಸಿಡಿಯುತ್ತಾ ನೆಗೆದು ಬೆಳ್ಳವ್ವನ ಹೊಟ್ಟೆಯ ಕೆಳಗೇ ಬಂತು. ಕುದುರೆ ಮುಂಗಾಲೆತ್ತಿ ನಿಂತಿತು, ಮದುಮಗನನ್ನು ಮಂದಿ ಹಿಡಿದುಕೊಂಡರು, ಅವನಿಗೆ ಹೋದದ್ದು ಪೇಟ ಮಾತ್ರ. ಆದರೆ ಹಗ್ಗವನ್ನು ಅಂಗೈಗೆ ಸುತ್ತಿಕೊಂಡಿದ್ದ ಅಮೋಘಿ ಅದನ್ನು ಬಿಡಲಿಲ್ಲ. ಓಡುವ ಕುದುರೆ ಅವನನ್ನು ಡಾಂಬರಿನ ಮೇಲೆ ಎಳೆದುಕೊಂಡು ಹೋಯಿತು. ಪಕ್ಕೆಲುಬು ಮುರಿದವು. ಆಸ್ಪತ್ರೆಗೆ ನಾನು ನೋಡಲು ಹೋದಾಗ ಅವನು ಕೇಳಿದ ಮೊದಲ ಮಾತು, “ಬೆಳ್ಳವ್ವಗ ಏನಾರ ಹತ್ತೈತೇನ್ರಿ?” ಅದಕ್ಕೆ ಏನೂ ಆಗಿರಲಿಲ್ಲ.

ಪಕ್ಕೆಲುಬು ಕೂಡಿದವು. ಮನುಷ್ಯ ಕೂಡಲಿಲ್ಲ.

ಮತ್ತೆ ಮೆರವಣಿಗೆಗೆ ಬಂದಾಗ ಅವನು ಹಗ್ಗವನ್ನು ಮೊದಲಿನಂತೆ ಸಡಿಲವಾಗಿ ಹಿಡಿಯುತ್ತಿರಲಿಲ್ಲ. ಕುದುರೆಯ ಗದ್ದದ ಹತ್ತಿರವೇ ಗಟ್ಟಿಯಾಗಿ ಹಿಡಿಯುತ್ತಿದ್ದ. ಉಸಿರು ಮೇಲೆಯೇ ನಿಂತಿರುತ್ತಿತ್ತು. ಬ್ಯಾಂಡಿನವನು ಡೋಲಿನ ಕೋಲು ಎತ್ತಿದರೂ ಸಾಕು, ಬೆಳ್ಳವ್ವನ ಕುತ್ತಿಗೆ ಸವರುತ್ತಾ “ಅಂಜಬ್ಯಾಡವ್ವಾ, ಅಂಜಬ್ಯಾಡ” ಎನ್ನುತ್ತಿದ್ದ. ಕುದುರೆ ಬೆವರುತ್ತಿತ್ತು, ಹಿಂದಕ್ಕೆ ಸರಿಯುತ್ತಿತ್ತು. ಒಂದೆರಡು ಮದುವೆಯಲ್ಲಿ ಮದುಮಗನನ್ನು ನಡುವೆಯೇ ಇಳಿಸಿ ಜೀಪಿಗೆ ಹತ್ತಿಸಿದರು. ಸುದ್ದಿ ಹರಡಿತು. ‘ಅಮೋಘಿಯ ಕುದರಿ ಬೆದರತೈತಿ’ ಎಂದು ಜನ ಬೇರೆ ಕುದುರೆ ಹುಡುಕಿದರು.

ಮನೆಯಲ್ಲಿ ಮಾತ್ರ ಅದು ಹಾಗಿರಲಿಲ್ಲ. ಒಮ್ಮೆ ಝೂಲ ಕೊಡಲು ತಿಕೋಟಾಕ್ಕೆ ಹೋಗಿದ್ದೆ. ಕಸ್ತೂರಿ ಎರಡು ಬೆರಳಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ಕೊಡ ಹಿಡಿದು, ಟ್ರ್ಯಾಕ್ಟರ್ ಪಕ್ಕದಿಂದಲೇ ಬೆಳ್ಳವ್ವನನ್ನು ನೀರಿಗೆ ಕರೆದುಕೊಂಡು ಹೋದಳು. ಕುದುರೆ ಕಿವಿಯನ್ನೂ ಅಲುಗಿಸಲಿಲ್ಲ. ತಿರುಗಿ ಬಂದವಳು ಗಂಡನಿಗೆ ನನ್ನೆದುರಿಗೇ ಹೇಳಿದಳು:

“ಕುದರಿ ಅಂಜಿಲ್ಲರಿ. ನೀವ ಅಂಜೀರಿ.”

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಮೋಘಿ ಒದೆಯಲಿಲ್ಲ, ಆದರೆ ಮುಖ ಕೆಂಪಾಯಿತು.

“ತೋಳ ಬಂದಾಗ ಬರೀ ಕೋಲು ಹಿಡದು ಹಟ್ಟಿ ಮುಂದ ನಿಂತ ಮನಿತನರೀ ಅಕ್ಕಾರ ನಮ್ದು. ನಾ ಅಂಜತೀನಾ? ಲೇ, ಒಳಗ ನಡಿ.”

ಕಸ್ತೂರಿ ಒಳಗೆ ಹೋದಳು. ನಾನೂ ಬಾಯಿ ಮುಚ್ಚಿಕೊಂಡೆ. ನನ್ನ ಬಾಯಿ ಮುಚ್ಚುವುದು ಅಪರೂಪ, ಮುಚ್ಚಬಾರದಾಗ ಮುಚ್ಚಿತು.

ಅಮೋಘಿ ಕುದುರೆಗೆ ಮದ್ದು ಶುರು ಮಾಡಿದ. ಅಮೋಘಸಿದ್ದನ ಗುಡಿಯ ಭಂಡಾರ, ಅಂದರೆ ಅರಿಸಿನ ಪುಡಿ, ಹಚ್ಚಿದ, ಕೊರಳಿಗೆ ಕರಿದಾರ ಕಟ್ಟಿದ. ಆಮೇಲೆ ತಾನೇ ಒಂದು ಉಪಾಯ ಕಂಡುಕೊಂಡ. ಗಾಂಧಿ ಚೌಕದಿಂದ ಸಣ್ಣ ಪಟಾಕಿ ತಂದು, ದಿನಾ ಸಂಜೆ ಹಿತ್ತಲಲ್ಲಿ ಒಂದೊಂದೇ ಹಾರಿಸಿ ಬೆಳ್ಳವ್ವನಿಗೆ ಸಪ್ಪಳ ರೂಢಿ ಮಾಡಿಸುವುದು. ಮೂಕ ಪ್ರಾಣಿ, ಒಮ್ಮೆಲೇ ಸಿಡಿದರೆ ಎದೆ ಒಡೆದೀತು ಎಂಬ ಕರುಣೆ ಬೇರೆ. ಅದಕ್ಕೇ ಪ್ರತಿ ಸಲ ಮೊದಲು ಹತ್ತಿರ ಹೋಗಿ, ಕುತ್ತಿಗೆ ಸವರಿ, “ಅಂಜಬ್ಯಾಡವ್ವಾ, ಅಂಜಬ್ಯಾಡ” ಎಂದು ಹೇಳಿಯೇ ಬತ್ತಿಗೆ ಬೆಂಕಿ ಇಡುತ್ತಿದ್ದ. ಒಂದು ದಿನವೂ ಹೇಳದೆ ಹಾರಿಸಲಿಲ್ಲ. ಬೆಳ್ಳವ್ವ ದಿನದಿಂದ ದಿನಕ್ಕೆ ಕೆಟ್ಟಿತು. ಕೊನೆಗೆ ಅವನು ಹಿತ್ತಲ ಬಾಗಿಲಿಗೆ ಬಂದರೆ ಸಾಕು, ಗೂಟ ಕಿತ್ತುಕೊಳ್ಳುವಂತೆ ಜಗ್ಗುತ್ತಿತ್ತು.

“ಕುದರಿ ಕೆಟ್ಟ ಹೋತ್ರಿ ಅಕ್ಕಾರ,” ಎಂದ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು. ಕಣ್ಣಲ್ಲಿ ನೀರಿತ್ತು. “ನನ್ನ ನೋಡಿದ್ರ ಮಾರಿ ತಿರುವತೈತಿ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಅನ್ನಬೇಕೆಂದು ನಾಲಿಗೆ ತುದಿಗೆ ಬಂತು. ಅವನ ಮುಖ ನೋಡಿ ಅನ್ನಲಾಗಲಿಲ್ಲ.

ಮುಂದೆ ಅವನು ಬೆಳ್ಳವ್ವನನ್ನು ಮಾರಿಬಿಟ್ಟ. ಕೊಂಡವರು ಬಬಲೇಶ್ವರದ ಈರಯ್ಯ, ಬ್ಯಾಂಡು, ಶಾಮಿಯಾನ ನಡೆಸುವವರು. ನಮ್ಮ ಕಡೆ ಪ್ರಾಣಿ ಮಾರಿದರೂ ಅದರ ಹಗ್ಗ ಮಾರುವುದಿಲ್ಲ. ಕೊಂಡವರು ತಮ್ಮ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಳೆಯ ಹಗ್ಗದ ಜೊತೆ ಹಟ್ಟಿಯ ಲಕ್ಷ್ಮಿಯೂ ಹೋಗಿಬಿಡುತ್ತಾಳೆ ಎಂದು ನಂಬಿಕೆ. ಅಮೋಘಿ ತನ್ನ ಹಗ್ಗ ಬಿಚ್ಚಿಕೊಂಡ, ಈರಯ್ಯ ಹೊಸ ಹಗ್ಗ ಹಾಕಿ ಒಯ್ದರು. ಕಸ್ತೂರಿ ಎರಡು ದಿನ ಒಲೆ ಹಚ್ಚಲಿಲ್ಲ. ಅಮೋಘಿ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂಲಿಗೆ ಹೋಗತೊಡಗಿದ.

ಮರುವರ್ಷ ಬಬಲೇಶ್ವರದಲ್ಲಿ ನನ್ನ ತಮ್ಮನ ಮಗ ಸಂಗುವಿನ ಮದುವೆ. ಅಮೋಘಿ ಅಂಗಡಿಗೆ ಬಂದಾಗ, ಕುದುರೆ ಈರಯ್ಯನವರದು ಎಂದು ಮಾತಿನಲ್ಲಿ ಬಂತು. ಅವನು “ನಾನೂ ಬರಲೇನ್ರಿ ಅಕ್ಕಾರ?” ಎಂದ. ಬಸ್ಸಿನಲ್ಲಿ ಅವನ ತೊಡೆಯ ಮೇಲೆ ಒಂದು ಕೈಚೀಲವಿತ್ತು. ಏನೋ ಅದು ಎಂದೆ. ಬಾಯಿ ಬಿಚ್ಚಿ ತೋರಿಸಿದ. ಹಳೆಯ ಹಗ್ಗ.

“ಅದು ಇನ್ನೂ ಹಂಗ ಬೆದರತಿದ್ರ ಈರಯ್ಯಾರಿಗೆ ಯಾಕ ಬೇಕ್ರಿ ಅದು? ಕೈ ಮುಗದು ಕೇಳತೀನಿ. ತಿರುಗಿ ಕೊಟ್ರ ಮನಿಗೆ ಕರಕೊಂಡು ಹೋಗತೀನಿ. ಮದುವಿ ಬ್ಯಾಡ, ಮೆರವಣಿಗಿ ಬ್ಯಾಡ. ಹಿತ್ತಲದಾಗ ಇರಲಿ.”

ಅವನ ಆಸೆ ನನಗೂ ತಾಗಿತು. ಬೆಳ್ಳವ್ವ ಬೆದರಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಅದೂ ನನ್ನ ಸ್ವಂತ ಅಳಿಯ ಹತ್ತುವ ಕುದುರೆ!

ಬೆಳ್ಳವ್ವ ಗುಡಿಯ ಮುಂದೆ ನಿಂತಿತ್ತು. ಸುತ್ತ ಡೋಲು, ಹುಡುಗರ ಸೀಟಿ. ಅದು ಒಂದು ಹಿಂಗಾಲು ಸಡಿಲ ಬಿಟ್ಟು, ಅರ್ಧ ಕಣ್ಣು ಮುಚ್ಚಿ, ಆರಾಮವಾಗಿತ್ತು. ಪಕ್ಕದಲ್ಲಿ ಈರಯ್ಯ, ಹಗ್ಗ ಬಗಲಲ್ಲಿ ಸಿಕ್ಕಿಸಿಕೊಂಡು, ತಂಬಾಕು ತಿಕ್ಕುತ್ತಾ ಅದಕ್ಕೆ ಮನೆಯ ಪುರಾಣ ಹೇಳುತ್ತಿದ್ದರು: “ನಿಂಬಿಗಿಡಕ್ಕ ಮತ್ತ ಹುಳ ಬಿದ್ದಾವ ನೋಡವ್ವಾ. ನಮ್ಮ ರುದ್ರವ್ವ ಬದನಿಕಾಯಿಗೆ ಉಪ್ಪು ಹೆಚ್ಚಿಗಿ ಹಾಕ್ಯಾಳ…” ಹಿಂದೆಯೇ ಒಂದು ದೊಡ್ಡ ಪಟಾಕಿ ಢಂ ಎಂದಿತು. ಈರಯ್ಯ ಮಾತು ನಿಲ್ಲಿಸಲಿಲ್ಲ. ಬೆಳ್ಳವ್ವ ಬಾಲ ಬೀಸಿತು, ಅಷ್ಟೇ.

ಅಮೋಘಿ ಅಲ್ಲೇ ನಿಂತುಬಿಟ್ಟ. ಚೀಲವನ್ನು ಬೆನ್ನ ಹಿಂದೆ ಸರಿಸಿದ.

ಅಷ್ಟರಲ್ಲಿ ಬೆಳ್ಳವ್ವ ಇವನನ್ನು ಕಂಡಿತು. ಕಿವಿ ಮುಂದೆ ಮಾಡಿ, ಮೂಗಿನಲ್ಲೇ ಸಣ್ಣಗೆ ದನಿ ತೆಗೆದು, ಕುತ್ತಿಗೆ ಚಾಚಿತು. ಅವನು ಹತ್ತಿರ ಹೋದ. ಅದು ಅವನ ಭುಜಕ್ಕೆ ಮೂಗು ಒತ್ತಿತು. ನನಗೆ ಅಳು ಬಂತು, ಮುಚ್ಚಿಟ್ಟು ಏನು ಮಾಡಲಿ.

“ಗುರುತು ಹಿಡೀತು ನೋಡ್ರಿ,” ಎಂದರು ಈರಯ್ಯ, ಒಳ್ಳೆಯ ಮನುಷ್ಯ. “ನಿಮಗ ಅಷ್ಟು ಜೀವ ಇದ್ರ ಒಯ್ರಿ. ನಾ ಬ್ಯಾರೆ ಕುದರಿ ನೋಡಕೋತೀನಿ.”

ಅಮೋಘಿಯ ಮುಖ ಅರಳಿತು. ಆಗಲೇ ಸಂಗುವಿನ ಗೆಳೆಯನೊಬ್ಬ ಸ್ವಲ್ಪ ದೂರದಲ್ಲಿ ಪಟಾಕಿ ಇಟ್ಟು ಬತ್ತಿಗೆ ಬೆಂಕಿ ಹಚ್ಚಿ ಓಡಿದ. ಅಮೋಘಿ ಅದನ್ನು ನೋಡಿದ. ಕೈ ತಾನಾಗಿ ಬೆಳ್ಳವ್ವನ ಕುತ್ತಿಗೆಗೆ ಹೋಯಿತು.

“ಅಂಜಬ್ಯಾಡವ್ವಾ, ಅಂಜಬ್ಯಾಡ.”

ಬೆಳ್ಳವ್ವನ ಮೈ ಗಡಗಡ ನಡುಗಿತು. ಕಣ್ಣಿನ ಬಿಳಿ ಕಂಡಿತು. ಹಿಂದಕ್ಕೆ ಜಗ್ಗಿ, ಮುಂಗಾಲೆತ್ತಿ, ಈರಯ್ಯನವರ ಬಗಲಿನ ಹಗ್ಗ ಕಿತ್ತುಕೊಂಡು ಗುಡಿಯ ಗೋಡೆಗೆ ಹೋಗಿ ಒತ್ತಿ ನಿಂತಿತು. ಮಂದಿ ಚದುರಿದರು.

ಆದರೆ ಪಟಾಕಿ ಹಾರಿರಲೇ ಇಲ್ಲ. ಬತ್ತಿ ನಡುವೆಯೇ ಆರಿಹೋಗಿತ್ತು. ಸಪ್ಪಳವೇ ಆಗಿರಲಿಲ್ಲ. ಆದದ್ದು ಅವನ ಮಾತು ಮಾತ್ರ.

ಅಮೋಘಿ ಪಟಾಕಿಯನ್ನೊಮ್ಮೆ, ಕುದುರೆಯನ್ನೊಮ್ಮೆ ನೋಡಿದ. ಈರಯ್ಯ ಹೋಗಿ ಮತ್ತೆ ನಿಂಬೆಗಿಡದ ಮಾತು ತೆಗೆದರು. ಬೆಳ್ಳವ್ವ ಸಾವಕಾಶ ತಲೆ ಇಳಿಸಿತು. ಅಮೋಘಿ ಅದರ ಹತ್ತಿರ ಮತ್ತೆ ಹೋಗಲಿಲ್ಲ. ಊಟಕ್ಕೂ ಕೂಡಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿದ.

“ಅದಕ್ಕ ಕನ್ನಡ ತಿಳೀತೈತೇನ್ರಿ ಅಕ್ಕಾರ? ಅಂಜಬ್ಯಾಡ ಅಂದ್ರ ಈಗ ಸಿಡೀತೈತಿ ಅಂತ ನಾನ ಕಲಿಸೀನಿ. ಪಟಾಕಿ ಸಿಡೀದಿದ್ರೂ ನನ್ನ ಕೈ ನಡಗೂದು ಅದಕ್ಕ ಗೊತ್ತಾಗತೈತಿ. ಕಸ್ತೂರಿ ಹೇಳಿದ್ಳು, ಕೇಳಲಿಲ್ಲ. ಅಯ್ಯಾರ ಕಡೆನ ಇರಲಿ. ನನ್ನ ಕಡೆ ಬಂದ್ರ ಜೀವಮಾನ ನಡಗತೈತಿ.”

ವಿಜಯಪುರದಲ್ಲಿ ಇಳಿದೆವು. ತಿಕೋಟಾದ ಬಸ್ಸು ಬಂತು. ಚೀಲ ಬಗಲಲ್ಲಿಟ್ಟುಕೊಂಡು ಹತ್ತಿದ.

ಮೊನ್ನೆ ದೀಪಾವಳಿ ಮುಗಿದ ಮೇಲೆ ಕಸ್ತೂರಿ ಸಂತೆಗೆ ಬಂದವಳು ನನ್ನ ಅಂಗಡಿಗೂ ಬಂದಳು. ಚಹಾ ಕೊಟ್ಟು, ಅಮೋಘಿ ಹೇಗಿದ್ದಾನೆ ಎಂದು ಕೇಳಿದೆ.

“ಅದಾರ್ರಿ. ಓಣ್ಯಾಗ ಪಟಾಕಿ ಸಪ್ಪಳ ಆತಂದ್ರ ಎದ್ದು ಹಿತ್ತಲಕ್ಕ ಹೋಗತಾರ. ಖಾಲಿ ಗೂಟಕ್ಕ ಆ ಹಗ್ಗ ಕಟ್ಯಾರ. ಅದರ ತುದಿ ಹಿಡಕೊಂಡು, ಭಾಳ ಸಡ್ಲಾಗಿ, ಎಲ್ಲಾ ಮುಗಿಯೂತನಕ ನಿಂದರತಾರ. ಬಾಯಿ ಮಾತ್ರ ತೆಗಿಯಂಗಿಲ್ಲರಿ.”