ಎಲ್ಲರೂ ತಿರುಗಿದ ಮೇಲೆ

ನಮ್ಮೂರ ಅಂಗನವಾಡಿ ಟೀಚರಿಗೆ ಎಡ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಚಾಪೆಯ ಮೇಲೆ ಆ ಕಾಲನ್ನು ನೀಡಿಕೊಂಡೇ ಕೂರುತ್ತಿದ್ದರು. ಮಕ್ಕಳಿಗೆ ಅದನ್ನು ದಾಟುವುದೇ ಆಟ. ಮೂರು ವರ್ಷದವರು ಅವರ ಭುಜ ಹಿಡಿದು ದಾಟಬೇಕು, ನಾಲ್ಕರವರು ಹಿಡಿಯದೆ, ಐದರವರು ಒಂಟಿ ಕಾಲಲ್ಲಿ ಕುಂಟುತ್ತಾ ಬಂದು ಹಾರಬೇಕು. "ದಾಟೇ, ಮುರಿದ್ರೂ ಪರವಾಗಿಲ್ಲ, ಅದು ಮೊದ್ಲೇ ಕೆಟ್ಟಿರೋ ಕಾಲು" ಎಂದು ನಗುತ್ತಿದ್ದರು. ಯಾವ ಮಗು ಯಾವಾಗ ಏನು ಕಲಿಯಿತೆಂಬುದು ಅವರಿಗೆ ಬಾಯಿಪಾಠ.

ನನ್ನ ಮಗಳು ಮೂರಕ್ಕೇ ಭುಜ ಹಿಡಿಯದೆ ದಾಟಿದಳು. ಮಾತು ಮಾತ್ರ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅವಳನ್ನು ಕರೆತರಲು ಹೋದಾಗ ಟೀಚರ್ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಊಟಕ್ಕೆ ಕೂತಿದ್ದ ಮಕ್ಕಳ ಬೆನ್ನ ಹಿಂದೆ ತಟ್ಟೆಗೆ ಸೌಟಿನಿಂದ ಬಡಿದರು. ಎಲ್ಲರೂ ತಿರುಗಿದರು. ಮಗಳೂ ತಿರುಗಿದಳು.

"ನೋಡಿದ್ಯಾಮ್ಮಾ? ಎಲ್ರೂ ತಿರುಗಿದ ಮೇಲೆ ತಿರುಗ್ತಾಳೆ. ಶಬ್ದ ಕೇಳಿ ಅಲ್ಲ, ಅವರನ್ನ ನೋಡಿ. ಒಂದ್ಸಲ ಕೋಲಾರಕ್ಕೆ ಕರ್ಕೊಂಡೋಗಿ ಕಿವಿ ತೋರ್ಸು."

"ಮನೇಲಿ ತೆಲುಗು, ಇಲ್ಲಿ ಕನ್ನಡ. ಅದಕ್ಕೇ ಮಾತು ತಡ ಟೀಚರ್. ನಮ್ಮ ಮಗೂನ ಕಿವುಡಿ ಅಂತ ಊರೆಲ್ಲಾ ಹೇಳ್ಬೇಡಿ" ಎಂದೆ.

"ಊರಿಗೆ ಹೇಳ್ತಿಲ್ಲ, ನಿಂಗೆ ಹೇಳ್ತಿದ್ದೀನಿ. ಇಲ್ಲಿ ಎರಡೂ ಮಾತಾಡದ ಮಗು ಯಾವ್ದಿದೆ ತೋರ್ಸು! ಕಿವಿ ಚೆನ್ನಾಗಿದ್ರೆ ವಾಪಸ್ ಬಂದು ನನ್ನ ಬೈದ್ಬಿಡು."

ನಾವು ಕೋಲಾರಕ್ಕೆ ಹೋಗಲಿಲ್ಲ. ಕುರುಡುಮಲೆ ದೇವಸ್ಥಾನಕ್ಕೆ ಹೋಗಿ ಹರಕೆ ಹೊತ್ತೆವು. ಮನೆಯಲ್ಲಿ ಇನ್ನು ಕನ್ನಡ ಒಂದೇ ಎಂದು ನಾನೇ ತೀರ್ಮಾನಿಸಿದೆ. ತೆಲುಗು ಬಿಟ್ಟು ಬೇರೇನೂ ಬಾರದ ನನ್ನ ಅತ್ತೆ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಮಗಳನ್ನು ಅಂಗನವಾಡಿ ಬಿಡಿಸಿ ಮುಳಬಾಗಿಲಿನ ಕಾನ್ವೆಂಟಿನ ವ್ಯಾನು ಹತ್ತಿಸಿದೆ. ವ್ಯಾನು ನಿಲ್ಲುವಲ್ಲಿ ಟೀಚರ್ ಎರಡು ಸಲ ಕೇಳಿದರು: "ತೋರ್ಸಿದ್ಯಾಮ್ಮಾ?" ಎರಡನೆಯ ಸಲ ನಾನು ಮೊಬೈಲ್ ನೋಡುತ್ತಾ ನಿಂತೆ. ಆಮೇಲೆ ಅವರು ಕೇಳಲಿಲ್ಲ. ಎದುರಾದರೆ ಮಗಳ ಕೆನ್ನೆ ಸವರಿ ಹೋಗುತ್ತಿದ್ದರು.

ಮಗಳಿಗೆ ಐದೂವರೆಯಾದಾಗ, ಕಾನ್ವೆಂಟಿನವರೂ ಹೇಳಿದ ಮೇಲೆ, ಕೋಲಾರದಲ್ಲಿ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿ ಕೇಳುತ್ತಿರಲಿಲ್ಲ. "ಮಾತು ಕಲಿಯೋ ವರ್ಷಗಳೇ ಹೋಗ್ಬಿಟ್ವಲ್ಲಮ್ಮ. ಮೊದಲೇ ಯಾರೂ ಗಮನಿಸ್ಲಿಲ್ವಾ?" ಎಂದರು ಡಾಕ್ಟರು.

"ಇಲ್ಲ" ಎಂದೆ. ಅವರು ಹಾಗೆಯೇ ಬರೆದುಕೊಂಡರು.

ಟೀಚರಿಗೆ ಹೇಳಬೇಕೆಂದು ದಿನ ತಳ್ಳಿದೆ. ಅವರ ಮುಂದೆ ನಿಲ್ಲುವ ಧೈರ್ಯ ಬರುವ ಮೊದಲೇ ಅವರು ತೀರಿಕೊಂಡರು. ನಾನು ಅವರ ಮನೆಯ ಹೊಸಿಲು ತುಳಿದದ್ದು ಹನ್ನೊಂದನೆಯ ದಿನ.

ಮಗಳು ಈಗ ಕಿವಿಗೆ ಯಂತ್ರ ಹಾಕಿಕೊಂಡು ಒಂದೊಂದೇ ಪದ ಕಲಿಯುತ್ತಿದ್ದಾಳೆ. ಹೋದ ತಿಂಗಳು ಕೋಲಾರಕ್ಕೆ ಹೋದಾಗ, ಫೈಲಿನಲ್ಲಿ ಅಂದು ಬರೆದದ್ದನ್ನು ತಿದ್ದಬೇಕೆಂದು ಡಾಕ್ಟರನ್ನು ಕೇಳಿದೆ.

"ಅದರಿಂದ ಈಗ ಏನೂ ವ್ಯತ್ಯಾಸ ಆಗಲ್ಲಮ್ಮ."

ಆದರೂ ಬರೆಯಿರಿ ಎಂದೆ. ಮಗುವಿಗೆ ಮೂರು ವರ್ಷವಿದ್ದಾಗಲೇ ಅಂಗನವಾಡಿ ಟೀಚರ್ ಗಮನಿಸಿ ಹೇಳಿದ್ದರು ಎಂದು ಬರೆದರು. ಅಷ್ಟಕ್ಕೇ ಪೆನ್ನು ಮುಚ್ಚಲು ಹೊರಟವರನ್ನು ತಡೆದು, ತಾಯಿ ಕರೆತರಲಿಲ್ಲ ಎಂಬುದನ್ನೂ ಸೇರಿಸಿ ಎಂದೆ.