ಚಮಚ ಹಿಡಿಯದ ಕೈ

ತೊಂಬತ್ತರ ದಶಕದ ಕೊನೆಗೆ ನಾನು ಜಯನಗರದ ಒಂದು ಸಣ್ಣ ಕೇಂದ್ರದಲ್ಲಿ ಮಕ್ಕಳ ಥೆರಪಿಸ್ಟ್ ಆಗಿ ಸೇರಿದ್ದೆ. ಕೈಕಾಲು ಬಿಗಿದ ಮಕ್ಕಳು ದಿನನಿತ್ಯದ ಯಾವ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಾರೆಂದು ಅಳೆಯಲು ನಮ್ಮಲ್ಲಿ ಪರದೇಶದ ಒಂದು ಪ್ರಶ್ನಾವಳಿ ಇತ್ತು. ಕನ್ನಡದಲ್ಲಿ ಕೇಳಬಹುದು, ಪ್ರಶ್ನೆ ಬದಲಾಯಿಸಕೂಡದು ಎಂದು ಕಲಿಸಿದ್ದರು.

ಒಂದು ದಿನ ಚಿಕ್ಕಲಸಂದ್ರದಿಂದ ಒಬ್ಬ ಅಜ್ಜಿ ಆರು ವರ್ಷದ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ತಂದರು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳಂತೆ. ಹುಡುಗಿಯ ಎಡಗೈ ಎದೆಗೆ ಮಡಚಿಕೊಂಡಿತ್ತು. ಬಲಗೈ ಅಷ್ಟಿಷ್ಟು ಆಡುತ್ತಿತ್ತು.

"ಚಮಚ ಹಿಡಿದು ತಿಂತಾಳಾ ಅಜ್ಜಿ?"

"ಇಲ್ಲ ಮೇಡಂ. ನಮ್ಮನೇಲಿ ಯಾರು ಚಮಚದಲ್ಲಿ ತಿಂತಾರೆ?"

'ಇಲ್ಲ' ಎಂದು ಗುರುತು ಹಾಕಿದೆ.

"ಬಾತ್‌ಟಬ್ಬಿಗೆ ತಾನೇ ಇಳೀತಾಳಾ?"

ಅಜ್ಜಿ ನಕ್ಕರು. "ಟಬ್ಬು ಎಲ್ ಬಂತು? ಬಕೀಟು, ಚೊಂಬು ಅಷ್ಟೆ."

ಅದಕ್ಕೂ 'ಇಲ್ಲ'. ಆ ನಗುವಿನ ಹತ್ತಿರ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಂಕ ಕೂಡಿಸಿ, ಊಟ ಸ್ನಾನ ಎರಡಕ್ಕೂ ಪೂರ್ತಿ ಬೇರೆಯವರೇ ಆಗಬೇಕು ಎಂದು ಬರೆದು, ಅಜ್ಜಿಗೆ ಓದಿ ಹೇಳಿದೆ. ಅವರು ಕಾಗದ ಮಡಚಿಟ್ಟುಕೊಂಡು ಹೋದರು, ಮತ್ತೆ ಬರಲಿಲ್ಲ.

ಒಂದೂವರೆ ವರ್ಷದ ಮೇಲೆ, ಬರುವುದು ಬಿಟ್ಟ ಮಕ್ಕಳನ್ನು ವಿಚಾರಿಸುತ್ತಾ ನಾನೇ ಅವರ ಮನೆಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಅಜ್ಜಿ ಮುದ್ದೆಯ ಸಣ್ಣ ಉಂಡೆಗಳನ್ನು ಸೊಪ್ಪಿನ ಸಾರಿಗೆ ಅದ್ದಿ ಮೊಮ್ಮಗಳ ಬಾಯಿಗಿಡುತ್ತಿದ್ದರು.

"ತಾನೇ ತಿನ್ನೋದು ಕಲಿಸ್ಬಹುದಲ್ಲ ಅಜ್ಜಿ?"

"ಮುಂಚೆ ತಿಂತಿದ್ಲಲ್ಲ ಮೇಡಂ. ತಾನೇ ಮುದ್ದೆ ಮುರ್ಕೊಳ್ಳೋಳು, ಅರ್ಧ ಚೆಲ್ಲೋಳು, ಆದ್ರೂ ತಿನ್ನೋಳು. ಚೊಂಬಲ್ಲಿ ನೀರೂ ಹುಯ್ಕೊಳ್ಳೋಳು. ಇವಳ ಕೈಲಿ ಆಗಲ್ಲ ಅಂತ ನೀವೇ ಬರ್ದು ಕೊಟ್ರಿ. ಓದಿದೋರು ಹೇಳಿದ್ಮೇಲೆ ಮಗೂನ ಯಾಕೆ ಗೋಳು ಹುಯ್ಕೊಳ್ಳೋದು ಅಂತ ನಾನೇ ತಿನ್ನಿಸ್ತಾ ಬಂದೆ."

ದನಿಯಲ್ಲಿ ದೂರು ಇರಲಿಲ್ಲ. ನಾನು ಹುಡುಗಿಯ ಬಲಗೈ ಹಿಡಿದು ನೋಡಿದೆ. ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಬಿಡಿಸಹೋದರೆ ಮುಖ ಕಿವುಚಿ ಕೈ ಎಳೆದುಕೊಂಡಳು.

"ನಾನು ಕೇಳಿದ್ದೇ ತಪ್ಪು ಅಜ್ಜಿ. ಇವಳಿಗೆ ಎಲ್ಲಾ ಬರ್ತಿತ್ತು."

"ಹಂಗಾದ್ರೆ ನಾನೇ ಕೆಡಿಸ್ದೆನಾ?" ಎಂದರು ಅವರು.

"ನೀವಲ್ಲ, ನಾನು" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ ಎಂದು ಕಾಣುತ್ತದೆ. ಸೆರಗಿನಿಂದ ಮಗುವಿನ ಬಾಯೊರೆಸುತ್ತಲೇ ಇದ್ದರು.

ಅಂದಿನಿಂದ ಪ್ರತಿ ಶನಿವಾರ ಅವರ ಮನೆಗೆ ಹೋಗಿ ಆ ಕೈಗೆ ವ್ಯಾಯಾಮ ಮಾಡಿಸಿದೆ. ಕೇಂದ್ರದಲ್ಲಿ ತಾಯಂದಿರನ್ನು ಕೂರಿಸಿಕೊಂಡು, ಮಕ್ಕಳು ಮನೆಯಲ್ಲಿ ನಿಜವಾಗಿ ಏನೇನು ಮಾಡುತ್ತಾರೆಂದು ಕೇಳಿ ಬರೆದುಕೊಂಡೆ. ಅನ್ನ ಕಲಸುವುದು, ನೆಲದಿಂದೇಳುವುದು, ಬಾಗಿಲಲ್ಲಿ ಚಪ್ಪಲಿ ಬಿಡುವುದು. ನಮ್ಮದೇ ಪ್ರಶ್ನಾವಳಿ ಆಗಬೇಕಾದರೆ ಪ್ರಶ್ನೆ ಬರೆದರಷ್ಟೇ ಸಾಲದು. ಯಾವ ವಯಸ್ಸಿಗೆ ಯಾವುದು ಬರುತ್ತದೆಂದು ನಮ್ಮದೇ ಬಡಾವಣೆಗಳ ಮಕ್ಕಳಲ್ಲಿ ಒಂದೊಂದಾಗಿ ನೋಡಬೇಕಿತ್ತು. ಅದಕ್ಕೆ ವರ್ಷಗಳೇ ಹಿಡಿದವು.

ಅಜ್ಜಿ ಕಲಸಿಟ್ಟ ಅನ್ನವನ್ನು ಹುಡುಗಿ ತಾನೇ ಬಾಯಿಗಿಟ್ಟುಕೊಳ್ಳುವಷ್ಟಾದಳು. ಮುದ್ದೆ ಮುರಿಯುವ ಬಲ ಮರಳಲಿಲ್ಲ. ಅವಳಿಗೆ ಹತ್ತು ತುಂಬಿದಾಗ ಅವರು ಉತ್ತರಹಳ್ಳಿಯ ಆಚೆಗೆಲ್ಲೋ ಮನೆ ಬದಲಾಯಿಸಿದರು. ನಮ್ಮ ಪ್ರಶ್ನಾವಳಿ ಬಳಕೆಗೆ ಬಂದದ್ದು ಅದಾದ ಎರಡು ವರ್ಷಕ್ಕೆ, ಅವಳಿಗೆ ಹನ್ನೆರಡಾಗಿದ್ದಾಗ. ಅದು ಏಳು ವರ್ಷದೊಳಗಿನ ಮಕ್ಕಳಿಗಾಗಿತ್ತು.